ತಕರಾರಿಲ್ಲದ ಆರು ವರ್ಷ

ಬಂಗೂರನಗರ, ದಾಂಡೇಲಿ
8 ಡಿಸೆಂಬರ್ 2024

ಪ್ರೀತಿಯ ಮಾಗ್ದಲೀನಾ,

ಫೋನ್ ಮಾಡಿ ಮಾಡಿ ಸಾಕಾಗಿ ಕಾಗದ ಹಿಡಿದು ಕುಳಿತಿದ್ದೇನೆ. ನಿಮ್ಮ ಕೇರಿಯಲ್ಲಿ ಸಿಗ್ನಲ್ ಸರಿಯಾಗಿ ಸಿಗುವುದಿಲ್ಲ, ಒಪ್ಪಿದೆ. ಆದರೆ ಸಿಕ್ಕಾಗಲೂ ನಿನ್ನ ಗಂಡ ಪೆದ್ರು ಎತ್ತಿ, "ಆಕಿ ಹೊಲಕ್ಕ ಹೋಗ್ಯಾಳ್ರಿ" ಎಂದು ಇಟ್ಟುಬಿಡುತ್ತಾನೆ. ಕತ್ತಲಾದ ಮೇಲೂ ಹೊಲದಲ್ಲಿ ಏನು ಮಾಡುತ್ತೀ ತಾಯಿ?

ಬಳಗದ ಸಭೆಗೆ ನೀನು ಬಾರದೆ ತಿಂಗಳುಗಳಾದವು. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ, ನಾಲ್ಕೂ ಕಡೆ ನಾವಿಬ್ಬರೇ ಬಸ್ಸು ಹತ್ತಿಳಿದು, ಮನೆ ಮನೆ ಬಾಗಿಲು ಬಡಿದು ಕಟ್ಟಿದ ನಾಲ್ಕೂರ ಬಳಗ ಇದು. ಮರೆತಿದ್ದರೆ ನೆನಪಿಸುತ್ತೇನೆ: ನಮಗೆ ಸಾಹೇಬರಿಲ್ಲ, ಆಫೀಸಿಲ್ಲ. ಬಡವರ ಮನೆಗೆ ಏನು ಬೇಕೆಂದು ಬಡವರೇ ಕೂತು ಠರಾವು ಮಾಡಬೇಕು, ಅಷ್ಟೇ ನಮ್ಮ ಕಾಯಿದೆ. ಸದಸ್ಯರೇ ಬಾರದಿದ್ದರೆ ನಾನು ಕುರ್ಚಿಗಳ ಜೊತೆ ಠರಾವು ಮಾಡಲೇ?

ಕಳೆದ ತಿಂಗಳು ಸಾಂಬ್ರಾಣಿ ಊರಿಗೆ ಬಂದವಳು ನಿಮ್ಮ ಕೇರಿಗೂ ಬಂದಿದ್ದೆ. ನೀನಿರಲಿಲ್ಲ. ಹಲಸಿನ ತೊಳೆ, ಮುರುಗಲು, ಅಣಬೆ ಒಣಗಿಸಿ ಮಾರಲೆಂದು ನಿಮ್ಮ ಕಣದಲ್ಲಿ ಕಟ್ಟಿದ ಸೋಲಾರ್ ಶೆಡ್ಡಿನೊಳಗೆ ಎರಡು ಆಡು ಕಟ್ಟಿವೆ! ಒಣಗಿಸುವ ತಟ್ಟೆಗಳ ಮೇಲೆ ಕಟ್ಟಿಗೆ ಒಟ್ಟಿದೆ. "ಇದೇನ ಪೆದ್ರು?" ಎಂದರೆ, "ಆಡಿಗೂ ಬಿಸಲು ಬೇಕಲ್ರಿ ಬಾಯಾರ" ಎಂದ. ನಗಬೇಕೋ ಬೈಯಬೇಕೋ ತಿಳಿಯದೆ ಬಸ್‌ಸ್ಟಾಪಿಗೆ ಬಂದೆ.

ಬೇಡದ ಶೆಡ್ಡನ್ನು ನಾನು ತಂದು ಹೇರಿದೆನೇ? ನಿಮ್ಮ ಕೇರಿಯಲ್ಲೇ ಸಭೆ ಕರೆದೆ, ಎಲ್ಲರ ಮುಂದೆ ಕೇಳಿದೆ, ಒಬ್ಬರಾದರೂ ಬಾಯಿ ತೆರೆದರೇ? ಆರು ವರ್ಷದಿಂದ ಬಳಗದಲ್ಲಿ ಒಂದೇ ಒಂದು ತಕರಾರು ಬಂದಿಲ್ಲ. ಹೋದಲ್ಲೆಲ್ಲ ಅದನ್ನು ಹೆಮ್ಮೆಯಿಂದ ಹೇಳಿಕೊಂಡು ತಿರುಗುವವಳು ನಾನು.

ನಮ್ಮ ಜ್ಯೋತಿ, ನಿನ್ನ ಜ್ಯೂಲಿ ದವಾಖಾನೆಯ ಅಕ್ಕಪಕ್ಕದ ಮಂಚದಲ್ಲಿ ಹುಟ್ಟಿದ ವಾರದಿಂದ ನೀನು ನನಗೆ ಬೇರೆಯವಳಲ್ಲ. ತಪ್ಪಾಗಿದ್ದರೆ ಬೈದುಬಿಡು. ಸುಮ್ಮನಿರಬೇಡ, ಸುಮ್ಮನಿದ್ದರೆ ನನಗೆ ತಲೆಬುಡ ತಿಳಿಯುವುದಿಲ್ಲ.

ನಿನ್ನ ದಾರಿ ನೋಡುತ್ತಿರುವ,
ವಿದ್ಯಕ್ಕ


ಸಾಂಬ್ರಾಣಿ ಹತ್ತಿರ
29 ಡಿಸೆಂಬರ್ 2024

ನಾಲ್ಕೂರ ಬಳಗದ ಅಧ್ಯಕ್ಷರಾದ ವಿದ್ಯಾವತಿ ಬಾಯಿಯವರಿಗೆ,

ನಿಮ್ಮ ಕಾಗದ ಮುಟ್ಟಿತು. ನಾವು ಚೆನ್ನಾಗಿದ್ದೇವೆ. ಕ್ರಿಸ್‌ಮಸ್ಸಿಗೆ ಜ್ಯೂಲಿ ಬಂದಿದ್ದಳು.

ಈ ಸಲ ಸುಗ್ಗಿ ತಡವಾಯಿತು. ಭತ್ತವನ್ನು ತನ್ವೀರನ ಕಣದಲ್ಲಿ ಬಡಿದೆವು. ಅವನದು ಮುಗಿಯುವ ತನಕ ಕಾಯಬೇಕಾಯಿತು. ಕಾಯುವಾಗ ಮಳೆ ಬಂತು. ಕೊಯ್ದು ಕಟ್ಟಿದ ಸಿವುಡುಗಳು ನೆನೆದು ತೆನೆಯಲ್ಲೇ ಮೊಳಕೆ ಬಂದವು. ಅದನ್ನು ತಿಂದು ಆಡುಗಳು ದಪ್ಪಗಾಗಿವೆ.

ಶೆಡ್ಡು ಚೆನ್ನಾಗಿದೆ. ಸೋರುವುದಿಲ್ಲ.

ಮುಂದಿನ ಸಭೆಗೂ ಬರಲಾಗುವುದಿಲ್ಲ. ಕೆಲಸವಿದೆ.

ಇಂತಿ,
ಮಾಗ್ದಲೀನಾ ಪೆದ್ರು, ಸದಸ್ಯೆ


ಬಂಗೂರನಗರ, ದಾಂಡೇಲಿ
9 ಜನವರಿ 2025

ಮಾಗ್ದಲೀನಾ,

"ಅಧ್ಯಕ್ಷರಿಗೆ" ಅಂತೆ! ಮೊದಲ ಸಾಲು ಓದಿದವಳೇ ಒಳಗೆ ಹೋಗಿ ಒಂದು ಲೋಟ ನೀರು ಕುಡಿದು ಬಂದೆ. ನಮ್ಮ ಯಜಮಾನರು ಗಾಬರಿಯಾಗಿ, "ಏನಾತು, ಯಾರರ ಹೋದರೇನು?" ಎಂದರು. "ಯಾರೂ ಹೋಗಿಲ್ರಿ, ನಾ ಅಧ್ಯಕ್ಷಳಾಗೇನಿ" ಎಂದೆ.

ನಿನ್ನ ಕಾಗದವನ್ನು ತಿರುವಿ ಮುರುವಿ ಓದಿದೆ. ಎಲ್ಲ ಚೆನ್ನಾಗಿದೆ ಎನ್ನುತ್ತೀ, ಒಂದಾದರೂ ಚೆನ್ನಾಗಿರುವಂತೆ ಕಾಣುವುದಿಲ್ಲ. ಬದುವಿನ ಜಗಳವಾದಾಗಿನಿಂದ ತನ್ವೀರನೂ ಪೆದ್ರುವೂ ಮುಖ ಕೊಟ್ಟು ಮಾತಾಡಿದ್ದಿಲ್ಲ. ಅಂಥವನ ಕಣಕ್ಕೆ ಯಾಕೆ ಹೋದಿರಿ? ಬೇರೆ ಎಲ್ಲಾದರೂ ಒಂದು ಕಣ ಮಾಡಿಕೊಳ್ಳಬಹುದಿತ್ತಲ್ಲ? ನವಲಗುಂದದ ಕಡೆ ನನ್ನ ತವರಿನಲ್ಲಿ ಪ್ರತಿ ಸುಗ್ಗಿಗೂ ಹೊಲದ ಒಂದು ಮೂಲೆಯಲ್ಲಿ ಹೊಸ ಕಣ ಮಾಡುತ್ತಿದ್ದರು. ರಾಶಿ ಮುಗಿಯಿತೆಂದರೆ ಅದರ ಮೇಲೇ ಕುಂಟೆ ಹೊಡೆಯುತ್ತಿದ್ದರು. ಕಣವೆಂದರೆ ನನಗೆ ಗೊತ್ತಿರುವುದು ಅಷ್ಟೇ.

ನಿನ್ನ ಸಿಟ್ಟಿಗೆ ಕಾರಣ ಹುಡುಕಿ ತಲೆ ಕೆಟ್ಟು ಮೊಸರುಗಡಿಗೆಯಾಗಿದೆ. ಶೆಡ್ಡಿನ ಪೂಜೆಯ ದಿನ ನಿನಗೆ ಶಾಲು ಹೊದಿಸಲಿಲ್ಲ ಎಂದೇ? ಫೋಟೋದಲ್ಲಿ ತುದಿಗೆ ನಿಲ್ಲಿಸಿದರು ಎಂದೇ? ನೀನು ಅಂಥವಳಲ್ಲ. ಆದರೆ ಎಂಥವಳು ಎಂದೂ ಈಗ ನನಗೆ ಗೊತ್ತಾಗುತ್ತಿಲ್ಲ.

ಹೇಳು. ಕೆಟ್ಟದ್ದಾದರೂ ಹೇಳು.

ವಿದ್ಯಕ್ಕ (ಅಧ್ಯಕ್ಷಳಲ್ಲ)


ಸಾಂಬ್ರಾಣಿ ಹತ್ತಿರ
23 ಫೆಬ್ರವರಿ 2025

ವಿದ್ಯಾವತಿ ಬಾಯಿಯವರಿಗೆ,

ಉತ್ತರ ತಡವಾಯಿತು. ಬರೆಯುವುದು, ಒಲೆಗೆ ಹಾಕುವುದು, ಹೀಗೇ ನಡೆದಿತ್ತು. "ಅವ್ವಾ, ಬರದರ ಕಳಸು, ಇಲ್ಲಾಂದ್ರ ಬಿಡು, ನನ್ನ ವಹಿ ಖಾಲಿ ಮಾಡಬ್ಯಾಡ" ಎಂದು ಜ್ಯೂಲಿ ಬೈದಳು. ಅದಕ್ಕೆ ಇದನ್ನು ಕಳಿಸುತ್ತಿದ್ದೇನೆ.

ಬೇರೆ ಕಣ ಮಾಡಿಕೊಳ್ಳಬಹುದಿತ್ತಲ್ಲ ಎಂದು ಕೇಳಿದ್ದೀರಿ. ನಮ್ಮ ಕೇರಿಯಲ್ಲಿ ಸಪಾಟು ಜಾಗ ಎಂದಿದ್ದದ್ದೇ ಎರಡು. ಒಂದು ನಮ್ಮದು, ಇನ್ನೊಂದು ತನ್ವೀರನದು. ಉಳಿದದ್ದೆಲ್ಲ ಇಳಿಜಾರು, ಕೆಳಗೆ ಗದ್ದೆ, ಮೇಲೆ ಅಡವಿ. ನಮ್ಮ ಅತ್ತೆ ಮದುವೆಯಾಗಿ ಬಂದ ವರ್ಷ ಕಲ್ಲು ಕಿತ್ತು, ಮಣ್ಣು ಹೊತ್ತು ಹಾಕಿ, ಬಡಿದು ಮಾಡಿದ ಕಣ ಅದು. ವರ್ಷ ವರ್ಷ ಸೆಗಣಿ ಸಾರಿಸಿ ನೆಲ ಗಟ್ಟಿಯಾಗಿತ್ತು. ಒಂದು ಕಾಳು ಮಣ್ಣಿಗೆ ಹೋಗುತ್ತಿರಲಿಲ್ಲ.

ಹಾಗಾದರೆ ಕೊಟ್ಟಿದ್ದೇಕೆ ಎಂದು ಕೇಳುತ್ತೀರಿ. ನೀವು ಕೇಳಿದಿರಿ ಎಂದು ಕೊಟ್ಟೆ.

ಆ ದಿನದ ಸಭೆ ನೆನಪಿದೆಯೇ? ನೀವು ಎದ್ದು ನಿಂತು, "ಪೆದ್ರು ಅವರ ಕಣದಾಗ ಶೆಡ್ಡು ಕಟ್ಟೂಣು ಅಂತ ಠರಾವು. ಯಾರದಾದ್ರೂ ತಕರಾರು ಐತೇನ್ರಿ?" ಎಂದಿರಿ. ನಾನು ಸುಮ್ಮನಿದ್ದೆ. ಕೇರಿಯೆಲ್ಲ ಸುಮ್ಮನಿತ್ತು. ನಮ್ಮಲ್ಲಿ ಯಾರಾದರೂ ಏನಾದರೂ ಕೇಳಿದಾಗ ಕೊಡಲಾಗದಿದ್ದರೆ ಮುಖದ ಮೇಲೆ ಇಲ್ಲ ಎನ್ನುವುದಿಲ್ಲ, ಸುಮ್ಮನಿರುತ್ತೇವೆ. ಕೇಳಿದವರಿಗೆ ತಿಳಿಯುತ್ತದೆ. ಅವರು ದನದ ಮಾತೋ ಮಳೆಯ ಮಾತೋ ಎತ್ತಿ, ಚಹಾ ಕುಡಿದು ಹೋಗುತ್ತಾರೆ. ಯಾರ ಮರ್ಯಾದೆಯೂ ಹೋಗುವುದಿಲ್ಲ.

ನೀವು ಮಳೆಯ ಮಾತು ಎತ್ತಲಿಲ್ಲ. ಎರಡನೇ ಸಲ ಕೇಳಿದಿರಿ. ಆಮೇಲೆ ನನ್ನ ಮುಖ ನೋಡಿ ಮೂರನೇ ಸಲ ಕೇಳಿದಿರಿ. ನಮ್ಮ ಕೇರಿಯಲ್ಲಿ ಮೂರು ಸಲ ಯಾರೂ ಕೇಳುವುದಿಲ್ಲ. ಕೇಳಿದರೆ ಅವರಿಗೆ ಬೇರೆ ದಾರಿಯೇ ಉಳಿದಿಲ್ಲ ಎಂದು ಅರ್ಥ, ಆಗ ಕೊಡದೆ ಇರುವಂತಿಲ್ಲ. ಒಬ್ಬ ಬಾಣಂತಿ ಹಾಗೆ ಕೇಳಿದಳೆಂದು ನಮ್ಮ ಅತ್ತೆ ಹಾಲು ಕರೆಯುವ ಆಕಳನ್ನೇ ಬಿಚ್ಚಿ ಕೊಟ್ಟಿದ್ದಳು.

ಮನೆಗೆ ಬಂದು, "ಅಕ್ಕ ಮೂರ ಸಲ ಕೇಳ್ಯಾಳ. ಏನ ಕಷ್ಟ ಬಂದೈತೋ ಏನೋ. ಕೊಟ್ಟ ಬಿಡೂಣು" ಎಂದು ಪೆದ್ರುವಿಗೆ ಹೇಳಿದೆ. ಅವನು ಊಟ ಬಿಟ್ಟು ಮಲಗಿದ. ಮರುದಿನ ಕಣದ ನಡುವಿನ ಮೇಟಿ ಕಂಬವನ್ನು ತಾನೇ ಕಿತ್ತ.

ಕಷ್ಟ ಹೇಳಿಕೊಳ್ಳಲು ಒಂದು ದಿನ ಬರುತ್ತೀರಿ ಎಂದು ಕಾದೆ. ಬಂದಿರಿ. ಟೇಪು ಹಿಡಿದು, ಗೌಂಡಿಯನ್ನು ಕರೆದುಕೊಂಡು ಬಂದಿರಿ. "ಮೂಲ್ಯಾಗ ಒಂದ ಫೂಟು ಕಮ್ಮಿ ಬೀಳ್ತೈತಿ" ಎಂದು ಹೇಳಿ ಹೋದಿರಿ.

ನಿಮಗೆ ಏನು ಕಷ್ಟ ಬಂದಿತ್ತು? ಈಗಲಾದರೂ ಹೇಳಿ. ಪೆದ್ರು ಕೇಳುತ್ತಿರುತ್ತಾನೆ, ಅವನಿಗೆ ಹೇಳಲು ನನ್ನ ಹತ್ತಿರ ಏನೂ ಇಲ್ಲ.

ಮಾಗ್ದಲೀನಾ


ಬಂಗೂರನಗರ, ದಾಂಡೇಲಿ
4 ಮಾರ್ಚ್ 2025

ಮಾಗ್ದಲೀನಾ,

ನನಗೆ ಯಾವ ಕಷ್ಟವೂ ಇರಲಿಲ್ಲ.

ಇದನ್ನು ಬರೆಯುವುದಕ್ಕಿಂತ ಏನಾದರೊಂದು ಕಷ್ಟ ಹುಟ್ಟಿಸಿ ಬರೆದುಬಿಡಲೇ ಎಂದು ಯೋಚಿಸಿದೆ. ಆಗಲಿಲ್ಲ. ಮೂರು ಸಲ ಕೇಳುವುದು ಸಭೆಯ ಪದ್ಧತಿ, ಅಷ್ಟೇ. ನಮ್ಮ ಯಜಮಾನರು ಮಿಲ್ಲಿನ ಯೂನಿಯನ್ನಿನಲ್ಲಿದ್ದವರು, ಅವರೇ ನನಗೆ ಸಭೆ ನಡೆಸುವುದನ್ನು ಕಲಿಸಿದ್ದು. ಯಾರ ಮೇಲೂ ಜುಲುಮೆ ಆಗಬಾರದು, ಎದ್ದು ಹೇಳಲು ಎಲ್ಲರಿಗೂ ಸಮಯ ಸಿಗಬೇಕು, ಅದಕ್ಕೇ ಮೂರು ಸಲ. ನಿಮಗೆ ಅನ್ಯಾಯವಾಗದಿರಲಿ ಎಂದೇ ನಾನು ನಿನ್ನ ಮುಖ ನೋಡಿ ಕೇಳಿದ್ದು!

ನಿನ್ನ ಕಾಗದವನ್ನು ಅವರಿಗೆ ಓದಿ ಹೇಳಿದೆ. "ಯೂನಿಯನ್ನ್ಯಾಗ ತಕರಾರ ಇದ್ದವಾ ಕುರ್ಚಿ ಎತ್ತಿ ಒಗೀತಿದ್ದ. ಸುಮ್ಮ ಕುಂತಾ ಅಂದ್ರ ಒಪ್ಪ್ಯಾನ ಅಂತ" ಎಂದರು. ಸ್ವಲ್ಪ ಹೊತ್ತಿನ ಮೇಲೆ, "ಅಲ್ಲಾ, ಆಕಿ ಕುರ್ಚಿ ಒಗದಿದ್ರ ಛಲೋ ಇತ್ತು" ಎಂದು ಎದ್ದುಹೋದರು.

ನನಗೆ ಏನು ಅನ್ನಿಸುತ್ತಿದೆ ಎಂದು ನನಗೇ ಹೇಳಲಾಗುತ್ತಿಲ್ಲ. ನಾಚಿಕೆ ಇದೆ. ನಿನ್ನ ಮೇಲೆ ಸಿಟ್ಟೂ ಇದೆ: ಬಾಯಿ ತೆರೆದು ಒಂದು ಮಾತು ಹೇಳಿದ್ದರೆ ಏನಾಗುತ್ತಿತ್ತು? ಆಮೇಲೆ ನೀನು ನನಗೆ ಕಷ್ಟವಿದೆ ಎಂದು ನಂಬಿ ಅತ್ತೆಯ ಕಣವನ್ನೇ ಎತ್ತಿ ಕೊಟ್ಟೆಯಲ್ಲ ಎಂಬುದು ನೆನಪಾಗುತ್ತದೆ, ಸಿಟ್ಟು ಎಲ್ಲಿ ಇಟ್ಟುಕೊಳ್ಳಬೇಕೋ ತಿಳಿಯುವುದಿಲ್ಲ. ನನಗಾಗಿ ಯಾರೂ ಅಷ್ಟು ಕೊಟ್ಟಿದ್ದಿಲ್ಲ. ಅದನ್ನು ನಾನು ಟೇಪು ಹಿಡಿದು ಅಳೆದೆ.

ಪೆದ್ರುವಿಗೆ ಏನು ಹೇಳಬೇಕೋ ನೀನೇ ನೋಡು. ಸುಳ್ಳು ಹೇಳಬೇಡ.

ವಿದ್ಯಾ


ಬಂಗೂರನಗರ, ದಾಂಡೇಲಿ
18 ಏಪ್ರಿಲ್ 2025

ಮಾಗ್ದಲೀನಾ,

ಉತ್ತರ ಬರಲಿಲ್ಲ. ನಿನ್ನ ಮೌನಕ್ಕೆ ಈಗ ಅರ್ಥ ಹಚ್ಚಲು ಹೆದರಿಕೆಯಾಗುತ್ತದೆ, ಅದಕ್ಕೆ ನಾನೇ ಬರೆಯುತ್ತೇನೆ.

ನಿನ್ನ ಕಾಗದ ಓದಿದ ಮೇಲೆ ಕೂತಲ್ಲಿ ಕೂರಲಾಗದೆ ಉಳಿದವರನ್ನೂ ವಿಚಾರಿಸಲು ಹೊರಟೆ. ಜೋಯಿಡಾದಲ್ಲಿ ಗೋದುಬಾಯಿ ಇದ್ದಾಳಲ್ಲ, ಕಾಡುಗೆಡ್ಡೆಗಳನ್ನೆಲ್ಲ ಹಿತ್ತಿಲಲ್ಲಿ ಬೆಳೆಸುವವಳು, ಅವಳನ್ನು ಕೇಳಿದೆ: ನೀವು ಸಭೆಯಲ್ಲಿ ಸುಮ್ಮನಿರುವುದೇಕೆ? "ನೀವು ಭರಾಭರಾ ಕನ್ನಡಾ ಮಾತಾಡ್ತೀರಿ. ನಮಗ ಕೊಂಕಣಿ, ಅರ್ಧಾ ತಿಳೀತೈತಿ. ಉಳದದ್ದು ಬಾಯಿ ಶಾಣ್ಯಾ ಇದ್ದಾರ ಅಂತ ಬಿಡ್ತೇವಿ" ಎಂದಳು. ಮುಂಡಗೋಡಕ್ಕೆ ಹೋಗಿ ಮಾಲವ್ವನನ್ನು ಕೇಳಿದೆ. ಅವಳು ಸ್ವಲ್ಪವೂ ಸಂಕೋಚಪಡದೆ, "ನಮ್ಮ ಊರಿಗೆ ಕಡೀ ಬಸ್ ಐತ್ರೆವ್ವಾ. ಯಾರರ ತಕರಾರ ತಗದ್ರ ಬಸ್ ಹೋಗಿಬಿಡ್ತೈತಿ" ಎಂದಳು.

ತಿಳಿಯಿತೇ? ಸುಮ್ಮನಿರುವುದೆಂದರೆ ಒಂದು ಊರಿಗೆ ಒಲ್ಲೆ, ಒಂದು ಊರಿಗೆ ತಿಳಿಯಲಿಲ್ಲ, ಇನ್ನೊಂದಕ್ಕೆ ಬಸ್ಸು. ಇವೆಲ್ಲವನ್ನೂ ಸೇರಿಸಿ ನಾನು ಸರ್ವಾನುಮತ ಎಂದು ಬರೆದಿದ್ದೇನೆ.

ಈ ತಿಂಗಳ ಸಭೆಯಲ್ಲಿ ಹೊಸ ಪದ್ಧತಿ ಮಾಡಿದೆ: ಎಲ್ಲರೂ ಬಾಯಿಬಿಟ್ಟು ಹೇಳಲೇಬೇಕು. ಎಲ್ಲರೂ "ಹೌದ್ರಿ" ಎಂದರು. ಕೆರೆ ಹೂಳೆತ್ತೋಣವೇ? ಹೌದ್ರಿ. ಈ ವರ್ಷ ಬೇಡವೇ? ಹೌದ್ರಿ. ಸಿಟ್ಟು ಬಂದು, ಇನ್ನು ಮೇಲೆ ಸುಮ್ಮನಿದ್ದರೆ ಒಲ್ಲೆ ಎಂದೇ ಹಿಡಿಯುತ್ತೇನೆ ಎಂದೆ. ಆಗ ಎಲ್ಲರೂ ಸುಮ್ಮನಾಗಿ ಚಹಾ ತರಿಸುವ ಠರಾವೂ ಬಿದ್ದುಹೋಯಿತು. ಮನೆಗೆ ಬಂದು ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ. ಆರು ವರ್ಷ ನಾನು ಯಾರ ಮಾತು ಕೇಳುತ್ತಿದ್ದೆ? ನನ್ನದೇ ಇರಬೇಕು.

ಒಂದು ಮಾತ್ರ ನಿಶ್ಚಯಿಸಿದ್ದೇನೆ. ಮಳೆಗಾಲಕ್ಕೆ ಮುಂಚೆ ಆ ಶೆಡ್ಡನ್ನು ಒಡೆಸಿ ನಿನ್ನ ಕಣ ನಿನಗೆ ಕೊಡುತ್ತೇನೆ. ಗೌಂಡಿಗೆ ಹೇಳಿಯೂ ಆಗಿದೆ.

ನಿನ್ನ,
ವಿದ್ಯಾ


ಸಾಂಬ್ರಾಣಿ ಹತ್ತಿರ
11 ಮೇ 2025

ವಿದ್ಯಕ್ಕಾ,

ಗೌಂಡಿ ಬಂದಿದ್ದ. ವಾಪಸು ಕಳಿಸಿದೆ. ಕಟ್ಟುವುದನ್ನೂ ನೀನೇ ನಿಶ್ಚಯಿಸಿದೆ, ಒಡೆಯುವುದನ್ನೂ ನೀನೇ ನಿಶ್ಚಯಿಸಿದರೆ ನಡುವೆ ನಾನು ಯಾಕೆ?

ಒಡೆದರೆ ಕಣ ಬರುವುದಿಲ್ಲ ಅಕ್ಕಾ. ಕೆಳಗೆ ಕಲ್ಲು ತುಂಬಿ ಸಿಮೆಂಟು ಹಾಕಿದ್ದಾರೆ. ಅದನ್ನು ಕಿತ್ತರೆ ಗುಂಡಿ ಬೀಳುತ್ತದೆ. ಅತ್ತೆ ಹೊತ್ತು ಹಾಕಿದ ಮಣ್ಣನ್ನು ಗೌಂಡಿ ಆಗಲೇ ರಸ್ತೆಗೆ ಚೆಲ್ಲಿದ್ದಾನೆ. ಈಗ ಶೆಡ್ಡು ಆಡಿಗಾದರೂ ಆಗಿದೆ.

ನಿನಗೆ ಕಷ್ಟವೇ ಇರಲಿಲ್ಲ ಎಂದು ಪೆದ್ರುವಿಗೆ ಹೇಳಿದೆ. ಅವನು ಮೊದಲು ನಕ್ಕ. ಕೆಮ್ಮು ಬರುವ ತನಕ ನಕ್ಕ. ಆಮೇಲೆ ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು ಅಡವಿಯ ಕಡೆ ಹೋದ. ಕೇಳದವರಿಗೆ ಕೊಟ್ಟೆನಲ್ಲ, ಇದಕ್ಕೆ ಏನೆನ್ನಬೇಕೋ ನನಗೆ ತಿಳಿಯುತ್ತಿಲ್ಲ. ಯಾರ ಮೇಲೆ ಸಿಟ್ಟು ಮಾಡಲಿ ಎಂದು ಹುಡುಕಿದರೆ ಒಂದು ಸಲ ನೀನು ಸಿಗುತ್ತೀ, ಒಂದು ಸಲ ನಾನೇ ಸಿಗುತ್ತೇನೆ. ಜ್ಯೂಲಿ ನಿನ್ನ ಹಾಗೇ ಮಾತಾಡುತ್ತಾಳೆ: "ಒಲ್ಲೆ ಅನ್ನಾಕ ಏನ ಧಾಡಿ ಆಗಿತ್ತು ನಿನಗ?" ಅವಳು ಹಳಿಯಾಳದಲ್ಲಿ ಕಾಲೇಜು ಕಲಿತವಳು, ಎಲ್ಲದಕ್ಕೂ ಒಲ್ಲೆ ಎನ್ನುತ್ತಾಳೆ. ನನ್ನ ಬಾಯಲ್ಲಿ ಆ ಮಾತು ಬರುವುದಿಲ್ಲ.

ಜೋಯಿಡಾದಲ್ಲಿ ಎರಡನೇ ಶೆಡ್ಡು ಕಟ್ಟುವ ಸಭೆ ಆಗಸ್ಟಿನಲ್ಲಿದೆಯಂತೆ. ಅದಕ್ಕೆ ಬರುತ್ತೇನೆ. ನೀನು ಕರೆದೆ ಎಂದಲ್ಲ. ಗೋದುಬಾಯಿಯ ಹಿತ್ತಿಲಲ್ಲಿ ಕಟ್ಟುತ್ತಾರೆ ಎಂದು ಕೇಳಿದೆ.

ಮಾಗ್ದಲೀನಾ


ಬಂಗೂರನಗರ, ದಾಂಡೇಲಿ
24 ಆಗಸ್ಟ್ 2025

ಮಾಗ್ದಲೀನಾ,

ಎಲ್ಲರ ಮುಂದೆ ನನ್ನ ಮೂಗು ಕತ್ತರಿಸಿ, ಹಳಿಯಾಳದ ಬಸ್ಸು ಬಂತೆಂದು ಎದ್ದು ಹೋಗಿಬಿಟ್ಟೆ. ಆಮೇಲೆ ಏನಾಯಿತೆಂದು ನಿನಗೆ ಗೊತ್ತಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ.

ನಾನು ಎಷ್ಟು ಜಾಗ್ರತೆಯಿಂದ ಕೇಳಿದ್ದೆ! ಮೆಲ್ಲಗೆ ಮಾತಾಡಿದೆ, ಎಲ್ಲವನ್ನೂ ಕೊಂಕಣಿಯಲ್ಲಿ ಹೇಳಿಸಿದೆ, ಗೋದುಬಾಯಿಯನ್ನು ಹೆಸರು ಹಿಡಿದು ಒಂದೇ ಸಲ ಕೇಳಿದೆ. ಅವಳು ನಗುನಗುತ್ತ "ಹೌದ್ರಿ, ಕಟ್ರಿ" ಎಂದಳು. ಬಾಯಿಬಿಟ್ಟು ಒಪ್ಪಿದಳಲ್ಲ ಎಂದು ನನಗೆ ಜೀವ ಬಂದಂತಾಯಿತು. ಅಷ್ಟರಲ್ಲಿ ನೀನು ಎದ್ದು ನಿಂತೆ.

"ಬ್ಯಾಡ."

"ಆಕಿನ ಒಪ್ಪ್ಯಾಳಲ್ಲ, ನಿನಗೇನಾತು?" ಎಂದು ನಾನು ರೇಗಿದೆ. "ನಿನ್ನ ಮಾರಿ ನೋಡಿ ಹೌದು ಅಂದಾಳಕ್ಕಾ. ಅದು ಗೆಡ್ಡಿ ಹಾಕೂ ಜಾಗಾ. ಬ್ಯಾಡ" ಎಂದೆ ನೀನು. ಮತ್ತೆ ಚಪ್ಪಲಿ ಹುಡುಕಿಕೊಂಡು ಹೊರಟುಬಿಟ್ಟೆ.

ನೀನು ಹೋದ ಮೇಲೆ ಗೋದುಬಾಯಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಆ ಹಿತ್ತಿಲಿನ ಗೆಡ್ಡೆ ತೆಗೆದರೆ ಮುಂದಿನ ವರ್ಷ ಬಿತ್ತಲು ಅವಳ ಹತ್ತಿರ ಬೀಜದ ಗೆಡ್ಡೆಯೇ ಇರುವುದಿಲ್ಲವಂತೆ. ಬಳಗದ ಕೆಲಸ ತನ್ನಿಂದ ನಿಂತಿತು ಎಂದು ಆಗಬಾರದು, ಅದಕ್ಕೆ ಹೌದು ಎಂದಳಂತೆ. ಆಮೇಲೆ ಶುರುವಾಯಿತು ನೋಡು ಗದ್ದಲ. ಕೊಂಕಣಿ, ಮರಾಠಿ, ಕನ್ನಡ ಎಲ್ಲ ಒಟ್ಟಿಗೆ. ಕೆರೆ ನಮಗೆ ಬೇಕಿರಲಿಲ್ಲ ಎಂದು ಒಬ್ಬಳು, ಬೀಜ ಹಂಚಿದ್ದು ಸರಿಯಾಗಲಿಲ್ಲ ಎಂದು ಇನ್ನೊಬ್ಬಳು. ಮಾಲವ್ವ ಬಸ್ಸು ತಪ್ಪಿದ್ದೂ ಗೊತ್ತಿಲ್ಲದೆ ಕೈ ಬೀಸಿ ಬೀಸಿ ಜಗಳಾಡಿದಳು. ಮುಂಡಗೋಡದವರೆಲ್ಲ ಅಲ್ಲೇ ಉಳಿದರು.

ಏನೂ ನಿಶ್ಚಯವಾಗಲಿಲ್ಲ. ಶೆಡ್ಡು ಎಲ್ಲಿ ಕಟ್ಟಬೇಕು, ಕಟ್ಟಬೇಕೋ ಬೇಡವೋ, ನಾನು ಅಧ್ಯಕ್ಷಳಾಗಿರಬೇಕೋ ಬೇಡವೋ, ಒಂದೂ ಗೊತ್ತಿಲ್ಲ. ಸೂಪಾ ಅಣೆಕಟ್ಟು ಬರುವ ತನಕ ಬಸ್ಸಿನಲ್ಲಿ ನಿನ್ನನ್ನು ಬೈಯುತ್ತಲೇ ಬಂದೆ. ಅದಾದ ಮೇಲೆ ಬೈಗುಳ ಮುಗಿದು, ನೀನು ಇಲ್ಲದೆ ನನಗೆ ಆಗುವುದಿಲ್ಲ ಎಂಬುದೊಂದು ಉಳಿಯಿತು. ಅದನ್ನು ಹೇಳಿಬಿಡುತ್ತೇನೆ, ಇನ್ನು ಮುಚ್ಚಿಡುವುದರಲ್ಲಿ ಏನಿದೆ?

ಈ ಸುಗ್ಗಿಗೆ ನಿಮ್ಮಲ್ಲಿಗೆ ಬರಲೇ? ತನ್ವೀರನ ಕಣದಲ್ಲೇ ಆಗಲಿ, ಸೀರೆ ಎತ್ತಿ ಕಟ್ಟಿ ನಿನ್ನ ಜೊತೆ ಭತ್ತ ಬಡಿಯುತ್ತೇನೆ. ನನಗೆ ಬರುವುದಿಲ್ಲವೆಂದು ತಿಳಿಯಬೇಡ.

ನಿನ್ನ,
ವಿದ್ಯಕ್ಕ


ಸಾಂಬ್ರಾಣಿ ಹತ್ತಿರ
2 ನವೆಂಬರ್ 2025

ವಿದ್ಯಕ್ಕಾ,

ಬಾ ಎಂದು ಬರೆಯಲು ಕುಳಿತಿದ್ದೆ. ಎರಡು ತಿಂಗಳು ಅದನ್ನೇ ಬರೆಯಲು ಕುಳಿತೆ. ಆದರೆ ಬೇಡ. ಈ ಸುಗ್ಗಿಗೆ ಬರಬೇಡ.

ಬೆಳಗಾದರೆ ಪೆದ್ರು ತನ್ವೀರನ ಅಂಗಳದ ಹೊರಗೆ ನಿಲ್ಲುತ್ತಾನೆ, "ಇವತ್ತ ಕಣ ಖಾಲಿ ಐತೇನು?" ಎಂದು ಕೇಳಲು. ತನ್ವೀರ ಕೆಟ್ಟವನಲ್ಲ, ಕೊಡುತ್ತಾನೆ. ಆದರೂ ಪೆದ್ರು ಅಲ್ಲಿ ನಿಂತದ್ದನ್ನು ನೀನು ನೋಡುವುದು ನನಗೆ ಬೇಡ. ನೋಡಿದರೆ ನೀನು ಅಳುತ್ತೀ. ನೀನು ಅತ್ತರೆ ನಾನು ಸಮಾಧಾನ ಮಾಡಬೇಕು. ಸುಗ್ಗಿಯಲ್ಲಿ ನನಗೆ ಅಷ್ಟು ಪುರಸೊತ್ತು ಇರುವುದಿಲ್ಲ.

ನಿನ್ನ ಮೇಲಿನ ಸಿಟ್ಟು ಪೂರ್ತಿ ಹೋಗಿಲ್ಲ. ಬೆಳಿಗ್ಗೆ ಶೆಡ್ಡಿನ ಬಾಗಿಲು ತೆಗೆದಾಗ ಬರುತ್ತದೆ, ಕೆಲಸ ಶುರುವಾದ ಮೇಲೆ ಹೋಗುತ್ತದೆ. ಯಾವಾಗ ಬರುವುದೇ ನಿಲ್ಲುತ್ತದೋ ಗೊತ್ತಿಲ್ಲ. ನಿಂತಾಗ ನಾನೇ ಕರೆಯುತ್ತೇನೆ. ಬಳಗದ ಸಭೆಗೆ ಮಾತ್ರ ಬರುತ್ತೇನೆ. ಗೋದುಬಾಯಿ ಗೆಡ್ಡೆ ಕಳಿಸಿದ್ದಳು, ನಿನಗೂ ಒಂದಿಷ್ಟು ಕಟ್ಟಿಟ್ಟಿದ್ದೇನೆ.

ಅಕ್ಕಾ, ಮನೆಗೆ ಬರುತ್ತೇನೆ ಎಂದವರಿಗೆ ಬೇಡ ಎಂದು ನಾನು ಯಾವತ್ತೂ ಹೇಳಿದ್ದಿಲ್ಲ. ಹೇಳಿದರೆ ಅವರು ಮತ್ತೆ ನಮ್ಮ ಮನೆಯ ದಾರಿ ತುಳಿಯುವುದಿಲ್ಲ ಎಂಬ ಹೆದರಿಕೆ. ನಿನಗೆ ಹೇಳಬಹುದು ಅನ್ನಿಸಿತು. ಹೇಳಿದ್ದೇನೆ.

ನಿನ್ನ,
ಮಾಗ್ದಲೀನಾ